ಮೊದಲು ಖಾತೆಯಲ್ಲಿ ಹೆಸರು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ವಿಷಯದವು. ಸೇನೆಯಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳು, ಅವರ ಮನೆಯವರು ಮನೆ ತೆರಿಗೆ ಬಗ್ಗೆ ಕೇಳಿದ್ದಾರೆ. ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಪೂರ್ತಿ ಜಾಗ ಇದಕ್ಕೇ ಕೊಟ್ಟಿದ್ದೇನೆ.

ಈ ವಿಷಯದಲ್ಲಿ ನಾನು ಕೌಂಟರ್‌ನ ಎರಡೂ ಕಡೆ ನಿಂತವಳು. ನನ್ನ ಗಂಡ 1988ರಲ್ಲಿ ಶ್ರೀಲಂಕಾದಲ್ಲಿ, ನಮ್ಮ ಶಾಂತಿಪಾಲನಾ ಪಡೆಯಲ್ಲಿದ್ದಾಗ ತೀರಿಕೊಂಡರು. ಆಗ ನನಗೆ 24 ವರ್ಷ. ಮೂರು ವರ್ಷ ಕಳೆದ ಮೇಲೆ ಕರಾವಳಿಯ ಒಂದು ಪುರಸಭೆಯ ಕಂದಾಯ ಶಾಖೆಯಲ್ಲಿ ಗುಮಾಸ್ತೆಯಾಗಿ ಸೇರಿದೆ. 2024ರಲ್ಲಿ ನಿವೃತ್ತಿಯಾದೆ. 33 ವರ್ಷ ಅದೇ ಡಿಮ್ಯಾಂಡ್ ರಿಜಿಸ್ಟರು, ಅದೇ ರಸೀದಿ ಪುಸ್ತಕ. ಇಲ್ಲಿ ಹೇಳುವುದರಲ್ಲಿ ಸ್ವಲ್ಪ ಕಾಯ್ದೆಯಿಂದ ಬಂದದ್ದು, ಉಳಿದದ್ದು ಆ ರಿಜಿಸ್ಟರಿನಿಂದ, ನನ್ನ ಬದುಕಿನಿಂದ ಬಂದದ್ದು.

ಪ್ರಶ್ನೆ: ಅಕ್ಕಾ, ನಮ್ಮವರು ಎರಡು ವರ್ಷದ ಹಿಂದೆ ಡ್ಯೂಟಿಯಲ್ಲಿದ್ದಾಗ ತೀರಿಕೊಂಡರು. ಶಿರಸಿ ಪೇಟೆಯಲ್ಲಿ ಅವರೇ ಕಟ್ಟಿಸಿದ ಮನೆಯಲ್ಲಿ ನಾನು, ಮಗಳು ಇದ್ದೇವೆ. ಸೈನಿಕರ ಹೆಂಡತಿಯರಿಗೆ ಮನೆ ತೆರಿಗೆಯಲ್ಲಿ ರಿಯಾಯಿತಿ ಇದೆ ಅಂತ ಯಾರೋ ಹೇಳಿದರು. ನಿಜವಾ? ಎರಡು ವರ್ಷದಿಂದ ಪೂರ್ತಿ ಕಟ್ಟುತ್ತಿದ್ದೇನೆ.
– ಹೆಸರು ಬೇಡ, ಶಿರಸಿ

ಉತ್ತರ: ನಿಜ ತಂಗಿ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯತಿಗಳಿಗೆ 1964ರ ಕರ್ನಾಟಕ ಪೌರಸಭೆಗಳ ಕಾಯ್ದೆ. ಬೆಂಗಳೂರು ಬಿಟ್ಟು ಉಳಿದ ಮಹಾನಗರ ಪಾಲಿಕೆಗಳಿಗೆ 1976ರ ಕಾಯ್ದೆ. ಈ ಕಾಯ್ದೆಗಳಲ್ಲಿ ಮಾಜಿ ಸೈನಿಕರಿಗೂ, ತೀರಿಕೊಂಡವರ ಕುಟುಂಬಕ್ಕೂ ತಾವೇ ವಾಸ ಇರುವ ಒಂದು ಮನೆಯ ಆಸ್ತಿ ತೆರಿಗೆಯಲ್ಲಿ ಶೇಕಡಾ 50 ವಿನಾಯಿತಿ ಇದೆ. ಒಂದೇ ಮನೆಗೆ. ಸ್ವಂತ ವಾಸಕ್ಕೆ ಮಾತ್ರ. ಬಿಲ್ಲಿನಲ್ಲಿ ಆಸ್ತಿ ತೆರಿಗೆ ಅಂತ ಇರುವ ಸಾಲು ಅರ್ಧ ಆಗುತ್ತದೆ. ಕಸದ ಶುಲ್ಕ, ನೀರಿನ ಬಿಲ್ಲು ಹಾಗೇ ಇರುತ್ತವೆ. ಅದನ್ನು ನೋಡಿ ಅರ್ಧಕ್ಕಿಂತ ಜಾಸ್ತಿ ಹಾಕಿದ್ದಾರೆ ಅಂತ ಗಾಬರಿಯಾಗಬೇಡಿ.

ಆದರೆ ಈ ರಿಯಾಯಿತಿ ತಾನಾಗಿ ಮನೆಗೆ ಬರುವುದಿಲ್ಲ. ನಮ್ಮಲ್ಲಿ ತೆರಿಗೆ ಸ್ವಯಂ ಘೋಷಣೆ ಪದ್ಧತಿಯಲ್ಲಿದೆ. ನೀವು ಹೇಳಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಕಂಪ್ಯೂಟರಿನಲ್ಲಿ ನಿಮ್ಮ ಮನೆ ಒಂದು ಪಿಐಡಿ ನಂಬರ್, ಅಂದರೆ ಆಸ್ತಿಯ ಗುರುತಿನ ಸಂಖ್ಯೆ ಅಷ್ಟೇ. ಅಲ್ಲಿ ಯಾರು ಇದ್ದಾರೆ, ಯಾರು ಹೋದರು ಅನ್ನುವುದು ಅದಕ್ಕೆ ಗೊತ್ತಿರುವುದಿಲ್ಲ.

ಈಗ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಕಳೆದ ವರ್ಷದ ರಸೀದಿ ತೆಗೆದು ನೋಡಿ. ಮಾಲೀಕರ ಹೆಸರು ಅಂತ ಇರುವ ಕಡೆ ಯಾರ ಹೆಸರಿದೆ? ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ. ಎರಡು ವರ್ಷ ಅವರ ಹೆಸರಿನಲ್ಲೇ ಕಟ್ಟುತ್ತಿದ್ದೀರಿ ಅನ್ನಿಸುತ್ತದೆ. ಹೆಚ್ಚಿನವರು ಹಾಗೇ ಮಾಡುತ್ತಾರೆ. ಹೆಸರು ತೆಗೆಸುವುದಕ್ಕೆ ಮನಸ್ಸು ಬರುವುದಿಲ್ಲ. ಮನೆಯ ಮೇಲೆ ಅವರ ಹೆಸರು ಇರುವಷ್ಟು ದಿನ ಅವರು ಇದ್ದ ಹಾಗೆ ಅನ್ನಿಸುತ್ತದೆ. ನಾನೂ ನಾಲ್ಕು ವರ್ಷ ಹಾಗೇ ಇದ್ದೆ.

ದಯವಿಟ್ಟು ಅದನ್ನು ಮೊದಲು ಮಾಡಿಸಿ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಜಾಗದ ಪತ್ರ, ತೆರಿಗೆ ರಸೀದಿ ಇಟ್ಟು ಖಾತೆ (ಕಚೇರಿಯ ತೆರಿಗೆ ಪುಸ್ತಕದಲ್ಲಿ ಮನೆ ಯಾರ ಹೆಸರಿನಲ್ಲಿದೆ ಅನ್ನುವ ದಾಖಲೆ) ವರ್ಗಾವಣೆಗೆ ಅರ್ಜಿ ಕೊಡಿ. ಅರ್ಜಿ ಕೊಟ್ಟ ದಿನವೇ ಸಕಾಲದ (ಹೇಳಿದ ಸಮಯದಲ್ಲಿ ಕೆಲಸ ಮಾಡಿಕೊಡುವ ಸರ್ಕಾರದ ಯೋಜನೆ) 15 ಅಂಕಿಯ ನಂಬರ್ ಇರುವ ಸ್ವೀಕೃತಿ ಕೇಳಿ ಪಡೆಯಿರಿ. ಆ ಚೀಟಿ ಇಲ್ಲದೆ ಕೌಂಟರಿನಿಂದ ಈಚೆ ಬರಬೇಡಿ. ಅದಿಲ್ಲದ ಅರ್ಜಿ ಕಡತದ ಅಡಿಗೆ ಹೋದರೆ ಹುಡುಕುವವರು ಯಾರೂ ಇರುವುದಿಲ್ಲ.

ಖಾತೆ ಆದ ಮೇಲೆ ವಿನಾಯಿತಿಗೆ ಬೇರೆ ಅರ್ಜಿ. ಪಿಂಚಣಿಯ ಪಿಪಿಒ (ಪಿಂಚಣಿ ಪಾವತಿ ಆದೇಶ) ಪ್ರತಿ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರು ಕೊಡುವ ಗುರುತಿನ ಚೀಟಿ, ಈ ಮನೆಯಲ್ಲಿ ನಾನೇ ಇದ್ದೇನೆ, ಬೇರೆ ಮನೆಗೆ ಈ ರಿಯಾಯಿತಿ ಪಡೆದಿಲ್ಲ ಅನ್ನುವ ಒಂದು ಘೋಷಣೆ. ಇಷ್ಟು ಇಟ್ಟರೆ ಸಾಕು. ಇದನ್ನು ಮಾರ್ಚ್ ಒಳಗೆ ಮುಗಿಸಿಕೊಂಡರೆ ಒಳ್ಳೆಯದು. ಏಪ್ರಿಲ್‌ನಲ್ಲಿ ಪೂರ್ತಿ ತೆರಿಗೆ ಕಟ್ಟುವವರಿಗೆ ಶೇಕಡಾ 5 ಕಡಿತ ಸಿಗುತ್ತದೆ. ಮೇ, ಜೂನ್ ಇದ್ದದ್ದು ಇದ್ದ ಹಾಗೆ. ಜುಲೈನಿಂದ ತಿಂಗಳಿಗೆ ಶೇಕಡಾ 2 ದಂಡ ಬೀಳುತ್ತದೆ. ಅರ್ಜಿ ಹಾಕಿದ್ದೇನಲ್ಲ, ಉತ್ತರ ಬರಲಿ ಅಂತ ಸುಮ್ನೆ ಕೂತರೆ ದಂಡ ಮಾತ್ರ ಏರುತ್ತಾ ಹೋಗುತ್ತದೆ. ಹಿಂದೆ ಜಾಸ್ತಿ ಕಟ್ಟಿದ್ದನ್ನು ಮುಂದಿನ ವರ್ಷಕ್ಕೆ ಹೊಂದಿಸಿಕೊಡಿ ಅಂತ ಅದೇ ಅರ್ಜಿಯಲ್ಲಿ ಒಂದು ಸಾಲು ಬರೆಯಿರಿ. ಅದಕ್ಕೂ ಬರಹದಲ್ಲೇ ಉತ್ತರ ಕೇಳಿ.

ಪ್ರಶ್ನೆ: ಅಕ್ಕೋರೇ, ನನಗೆ ಎರಡು ಹೆಸರು. ತವರಿನ ಹೆಸರು ಶಾಲೆ ಸರ್ಟಿಫಿಕೇಟಿನಲ್ಲಿ, ಆಧಾರ್‌ನಲ್ಲಿ. ಮದುವೆಯಲ್ಲಿ ಇಟ್ಟ ಹೆಸರು ಪಿಂಚಣಿ ಕಾಗದದಲ್ಲಿ. ಮನೆ ಖಾತೆಗೆ ಕೊಟ್ಟಾಗ ಎರಡೂ ಬೇರೆ ಬೇರೆ ಅಂತ ವಾಪಸ್ ಕೊಟ್ಟರು. ಏನು ಮಾಡಲಿ?
– ಹೆಸರು, ಊರು ಬೇಡ

ಉತ್ತರ: ಹೆಸರು ಬೇಡ ಅಂತ ಬರೆದಿದ್ದೀರಿ. ನಿಮ್ಮ ತಾಪತ್ರಯ ಇರುವುದೇ ಹೆಸರಿನದು. ಈ ಪತ್ರ ಓದಿ ನಾನು ಸ್ವಲ್ಪ ಹೊತ್ತು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ.

ಕಾರವಾರ, ಅಂಕೋಲಾ ಕಡೆಯ ಎಷ್ಟೋ ಮನೆಗಳಲ್ಲಿ ಮದುಮಗಳಿಗೆ ಹೊಸ ಹೆಸರು ಇಡುವ ಪದ್ಧತಿ ಇದೆ. ಹರಿವಾಣದಲ್ಲಿ ಅಕ್ಕಿ ಹರಡಿ, ಮದುಮಗ ಉಂಗುರದ ತುದಿಯಿಂದ ಅದರಲ್ಲಿ ಹೆಸರು ಬರೆಯುತ್ತಾನೆ. ನನ್ನ ಮದುವೆಯಲ್ಲೂ ಹಾಗೇ ಆಯಿತು. ಐದು ಅಕ್ಷರದ ಹೆಸರು ಹೋಗಿ ಮೂರು ಅಕ್ಷರದ್ದು ಬಂತು. ಅವರು ಬರೆಯುವಾಗ ಕೈ ನಡುಗಿ ಕೊನೆಯ ಅಕ್ಷರದ ಮೇಲೆ ಅಕ್ಕಿ ಜಾರಿತು. ಎರಡನೇ ಸಲ ಬರೆದರು. ಎಲ್ಲರೂ ನಕ್ಕರು. ಆಮೇಲೆ ಆ ಅಕ್ಕಿಯನ್ನು ಕೈಯಿಂದ ಸರಿಸಿ ಒಂದು ಮಾಡಿದರು. ಹೆಸರು ಹೋಯಿತು. ಎಲ್ಲೂ ದಾಖಲಾಗಲಿಲ್ಲ. ಅವರು ರಜೆ ಮುಗಿಸಿ ಪಲ್ಟನ್‌ಗೆ ಹೋಗಿ ಅಲ್ಲಿ ಹೆಂಡತಿ ಅಂತ ಆ ಮೂರು ಅಕ್ಷರ ಬರೆಸಿದರು.

1988ರಲ್ಲಿ ಮಾವನ ಹೆಸರಿಗೆ ತಂತಿ ಬಂತು. ನಮ್ಮವರ ದೇಹ ಬರಲಿಲ್ಲ. ಎರಡು ತಿಂಗಳ ಮೇಲೆ ಒಂದು ಕಪ್ಪು ಟ್ರಂಕು ಬಂತು. ಮೇಲೆ ಬಿಳಿ ಪೇಂಟಿನಲ್ಲಿ ಅವರ ನಂಬರು, ಹೆಸರು. ಬೀಗದ ಕೈ ಇರಲಿಲ್ಲ. ಮಾವ ಕತ್ತಿಯ ಹಿಂಬದಿಯಿಂದ ಬೀಗ ಒಡೆದರು. ಎರಡು ಜತೆ ಯೂನಿಫಾರ್ಮ್, ಶೇವಿಂಗ್ ಬ್ರಶ್, ಒಂದು ಕೈಗಡಿಯಾರ, ನಾನು ಬರೆದ ಇನ್‌ಲ್ಯಾಂಡ್ ಪತ್ರಗಳು. ಎಲ್ಲದರ ಅಡಿಗೆ ಮಡಿಸಿಟ್ಟ ಒಂದು ಕಾಗದದಲ್ಲಿ ಆ ಮೂರು ಅಕ್ಷರದ ಹೆಸರು, ಪಕ್ಕದಲ್ಲಿ ‘ವೈಫ್’ ಅಂತ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಐದು ಅಕ್ಷರ. ಒಂದು ಕಚೇರಿಯಲ್ಲಿ ಎರಡೂ ಕಾಗದ ಮುಂದೆ ಇಟ್ಟುಕೊಂಡು, ‘ಇವರಿಬ್ಬರಲ್ಲಿ ನೀವು ಯಾರು?’ ಅಂತ ಕೇಳಿದರು. ಪಿಂಚಣಿ ಸರಿಯಾಗಲು 14 ತಿಂಗಳು ಹಿಡಿಯಿತು. ಆ ಪ್ರಶ್ನೆ ಇನ್ನೂ ಕಿವಿಯಲ್ಲಿದೆ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಮೊದಲು ನೋಟರಿ ಮುಂದೆ ಒಂದು ಅಫಿಡವಿಟ್ ಮಾಡಿಸಿ. ಈ ಎರಡೂ ಹೆಸರಿನವಳು ನಾನೊಬ್ಬಳೇ ಅಂತ. ಅದರಲ್ಲಿ ತಂದೆಯ ಹೆಸರು, ಗಂಡನ ಹೆಸರು, ಅವರ ಸೈನ್ಯದ ನಂಬರು, ಮದುವೆ ದಿನ ಎಲ್ಲವೂ ಬರಲಿ. ಮದುವೆ ಆಮಂತ್ರಣ ಪತ್ರಿಕೆ ಇದ್ದರೆ ಅದರ ಪ್ರತಿ, ರೇಷನ್ ಕಾರ್ಡ್, ಮಕ್ಕಳ ಜನನ ಪ್ರಮಾಣಪತ್ರ ಜತೆಗಿಡಿ. ಆಮಂತ್ರಣ ಪತ್ರಿಕೆಯನ್ನು ಯಾರೂ ದಾಖಲೆ ಅಂದುಕೊಳ್ಳುವುದಿಲ್ಲ. ಆದರೆ ತವರಿನ ಹೆಸರು, ಗಂಡನ ಹೆಸರು ಎರಡೂ ಒಟ್ಟಿಗೆ ಅಚ್ಚಾಗಿರುವ ಕಾಗದ ಎಷ್ಟೋ ಮನೆಗಳಲ್ಲಿ ಅದೊಂದೇ.

ಎರಡನೆಯದು, ಯಾವ ಹೆಸರು ಉಳಿಸಿಕೊಳ್ಳುವುದು ಅಂತ ತೀರ್ಮಾನ ಮಾಡಿ. ನನ್ನನ್ನು ಕೇಳಿದರೆ ಪಿಂಚಣಿ ಕಾಗದದ ಹೆಸರನ್ನೇ ಇಟ್ಟುಕೊಳ್ಳಿ. ಆಧಾರ್, ಬ್ಯಾಂಕು, ಖಾತೆ ಎಲ್ಲವನ್ನೂ ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಸಲ ಅವಕಾಶ. ಸುಮ್ನೆ ಸೈಬರ್ ಸೆಂಟರಿನವರು ಹೇಳಿದಂತೆ ಬದಲಿಸಿ ಒಂದು ಸಲ ಹಾಳು ಮಾಡಿಕೊಳ್ಳಬೇಡಿ. ಒಂದೊಂದು ಅಕ್ಷರ ಪಿಪಿಒ ಜತೆ ಇಟ್ಟು ನೋಡಿ.

ತವರಿನ ಹೆಸರೇ ಬೇಕು ಅನ್ನುವುದಾದರೆ ಅದೂ ನಿಮ್ಮ ಹಕ್ಕು. ಆಗ ಗಂಡನ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಬೇಕು. ನಮ್ಮವರು ಮರಾಠಾ ಲೈಟ್ ಇನ್‌ಫೆಂಟ್ರಿ. ಹಾಗಾಗಿ ನನ್ನ ಪತ್ರಗಳೆಲ್ಲ ಬೆಳಗಾವಿಗೆ ಹೋದವು. ಅವರು ದಾಖಲೆ ತಿದ್ದಿದ ಮೇಲೆ ಸೇನೆಯ ಪಿಂಚಣಿ ನೋಡಿಕೊಳ್ಳುವ ಆನ್‌ಲೈನ್ ವ್ಯವಸ್ಥೆ ‘ಸ್ಪರ್ಶ್’ನ ನಿಮ್ಮ ಖಾತೆಯಲ್ಲೂ ಸರಿಯಾಗಬೇಕು. ಇದು ಉದ್ದದ ದಾರಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರ ಮೂಲಕವೇ ಕಳಿಸಿ. ಒಬ್ಬರೇ ಓಡಾಡಬೇಡಿ.

ಪ್ರಶ್ನೆ: ನಾನು, ಮಗ ಮಾವನ ಮನೆಯಲ್ಲೇ ಇದ್ದೇವೆ. ಮನೆ ಮಾವನ ಹೆಸರಿನಲ್ಲಿದೆ. ಭಾವ, ಮೈದುನ ಬೇರೆ ಊರಲ್ಲಿದ್ದಾರೆ. ತೆರಿಗೆ ಅರ್ಧ ಆಗುತ್ತದಾ? ಮಾವ ಒಳ್ಳೆಯವರು. ಆದರೆ ‘ಒಂದು ಪೇಪರಿಗೆ ಸಹಿ ಹಾಕು’ ಅಂತ ಭಾವ ಆಗಾಗ ಹೇಳುತ್ತಾರೆ.
– ಒಬ್ಬ ತಂಗಿ, ಕುಮಟಾ

ಉತ್ತರ: ನಿಮ್ಮ ಕೊನೆಯ ಸಾಲಿಗೆ ಮೊದಲು ಉತ್ತರ. ಸಹಿ ಹಾಕಬೇಡಿ. ಆ ಪೇಪರ್ ಏನು ಅಂತ ನೀವೇ ಓದುವವರೆಗೆ, ಒಬ್ಬ ವಕೀಲರಿಗೆ ತೋರಿಸುವವರೆಗೆ ಬೇಡ. ಅದು ಹಕ್ಕು ಬಿಡುಗಡೆ ಪತ್ರ ಆಗಿದ್ದರೆ ನಿಮ್ಮ ಮಗನ ಮನೆ ಅಲ್ಲಿಗೆ ಮುಗಿಯಿತು. ದುಃಖದ ಮನೆಯಲ್ಲಿ ಹೆಣ್ಣುಮಕ್ಕಳು ಯಾರು ಏನು ಕೊಟ್ಟರೂ ಸಹಿ ಹಾಕುತ್ತಾರೆ. ಹನ್ನೆರಡನೇ ದಿನದ ಊಟ ಮುಗಿದ ಸಂಜೆಯೇ ಸಹಿ ಹಾಕಿಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಆಮೇಲೆ ಆಕೆ ನನ್ನ ಕೌಂಟರಿಗೆ ಬಂದು ‘ನನ್ನ ಹೆಸರು ಸೇರಿಸಿ’ ಅಂತ ಕೇಳಿದಾಗ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಭಾವ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಕಾಗದ ಓದಿ ಅಂತ ಹೇಳುತ್ತಿದ್ದೇನೆ.

ತೆರಿಗೆ ವಿಷಯ. ಮಾವ ಮಾಲೀಕರಾಗಿರುವ ಮನೆಗೆ ನಿಮ್ಮ ಹೆಸರಿನಲ್ಲಿ ವಿನಾಯಿತಿ ಕೇಳುವುದು ಕಷ್ಟ. ಮಾವನೂ ಮಾಜಿ ಸೈನಿಕರಾಗಿದ್ದರೆ ಅವರ ಹೆಸರಿನಲ್ಲೇ ಕೇಳಬಹುದು. ಅಲ್ಲದಿದ್ದರೆ ಮನೆಯಲ್ಲಿ ನಿಮ್ಮ ಪಾಲು ಏನು ಅನ್ನುವುದು ಮೊದಲು ಕಾಗದಕ್ಕೆ ಬರಬೇಕು.

ಮನೆ ಪಿತ್ರಾರ್ಜಿತವಾಗಿದ್ದರೆ ನಿಮ್ಮ ಗಂಡನಿಗೆ ಹುಟ್ಟಿನಿಂದಲೇ ಪಾಲಿತ್ತು. ಅದು ಈಗ ನಿಮಗೆ, ಮಗನಿಗೆ, ಅತ್ತೆಗೆ ಬರುತ್ತದೆ. ಮಾವನೇ ದುಡಿದು ಕಟ್ಟಿಸಿದ್ದಾದರೆ ಅವರು ಇರುವವರೆಗೆ ಅದು ಅವರದ್ದು. ಆದರೆ ಎಷ್ಟೋ ಜನರಿಗೆ ಗೊತ್ತಿಲ್ಲದ ಒಂದು ಮಾತು ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮೊದಲೇ ತೀರಿಕೊಂಡ ಮಗನ ಹೆಂಡತಿ, ಮಕ್ಕಳು ಮೊದಲ ವರ್ಗದ ವಾರಸುದಾರರು. ಮಾವ ಉಯಿಲು ಬರೆಯದೆ ಹೋದರೆ ನಿಮ್ಮ ಗಂಡ ಇದ್ದಿದ್ದರೆ ಎಷ್ಟು ಪಾಲು ಬರುತ್ತಿತ್ತೋ ಅಷ್ಟು ನಿಮಗೂ ಮಗನಿಗೂ ಸೇರಿ ಬರುತ್ತದೆ. ‘ಮಗನೇ ಇಲ್ಲ, ಸೊಸೆಗೆ ಏನು’ ಅನ್ನುವ ಮಾತು ಕಾಯ್ದೆಯಲ್ಲಿ ಇಲ್ಲ.

ಮಾವ ಒಳ್ಳೆಯವರು ಅಂದಿರಿ. ಹಾಗಾದರೆ ಅವರ ಜತೆ ಕೂತು ನೇರವಾಗಿ ಮಾತಾಡಿ. ಒಂದು ಭಾಗವನ್ನು ನಿಮಗೆ ದಾನಪತ್ರ ಮಾಡಿಕೊಡಬಹುದು. ಮನೆಯೊಳಗಿನ ಸಂಬಂಧಿಕರಿಗೆ ಮಾಡುವ ದಾನಪತ್ರಕ್ಕೆ ಸ್ಟಾಂಪ್ ಡ್ಯೂಟಿ ಕಡಿಮೆ. ಸೊಸೆಯೂ ಅದರಲ್ಲಿ ಸೇರುತ್ತಾಳೆ. ಆಮೇಲೆ ಆ ಭಾಗಕ್ಕೆ ಬೇರೆ ಖಾತೆ, ಆಮೇಲೆ ಅರ್ಧ ತೆರಿಗೆ. ಖಾತೆ ಅನ್ನುವುದು ತೆರಿಗೆ ಕಟ್ಟುವ ಪುಸ್ತಕ ಮಾತ್ರ, ಮಾಲೀಕತ್ವ ಬರುವುದು ಪತ್ರದಿಂದ ಅನ್ನುವುದನ್ನೂ ಮರೆಯಬೇಡಿ. ಎರಡೂ ಬೇಕು.

ಪ್ರಶ್ನೆ: ಕಾರವಾರದ ಟಾಗೋರ್ ಕಡಲತೀರದಲ್ಲಿ ಮೇಜರ್ ರಾಮ ರಾಘೋಬಾ ರಾಣೆಯವರ ಪ್ರತಿಮೆ ಮುಂದೆ ದಿನಾ ವಾಕಿಂಗ್ ಹೋಗುತ್ತೇನೆ. ನನ್ನ ಅಳಿಯ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲಿ ಮಡಿದ ಸೈನಿಕನ ಹೆಂಡತಿಗೆ ಮನೆ ತೆರಿಗೆ ಪೂರ್ತಿ ಮಾಫಿಯಂತೆ. ನಮ್ಮಲ್ಲಿ ಅರ್ಧ ಯಾಕೆ?
– ನಿವೃತ್ತ ಶಿಕ್ಷಕರು, ಕಾರವಾರ

ಉತ್ತರ: ಸರ್, ರಾಣೆಯವರ ಚೆಂಡಿಯಾ ನನ್ನ ಗಂಡನ ಮನೆಗೆ ದೂರ ಇಲ್ಲ. 1948ರ ಏಪ್ರಿಲ್‌ನಲ್ಲಿ ರಾಜೌರಿಯ ದಾರಿಯಲ್ಲಿ ಗಾಯ ಆಗಿದ್ದರೂ ಬಿಡದೆ ಮೈನ್ (ನೆಲಬಾಂಬ್) ತೆಗೆದು, ಬಿದ್ದ ಮರ ಸರಿಸಿ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರು ಅವರು. ಪರಮ ವೀರ ಚಕ್ರ ಪಡೆದು ಬದುಕಿ ಬಂದರು. ನನ್ನ ಗಂಡ ಆ ಕಥೆ ಕೇಳಿಯೇ ಬೆಳೆದವರು, ಅದನ್ನು ಕೇಳಿಯೇ ಸೇನೆಗೆ ಹೋದವರು.

ನಿಮ್ಮ ಅಳಿಯ ಹೇಳಿದ್ದು ಸರಿ. ಟೆಕ್ಸಾಸ್‌ನಲ್ಲಿ 2013ರ ನವೆಂಬರ್‌ನಲ್ಲಿ ಜನ ಮತ ಹಾಕಿ ರಾಜ್ಯದ ಸಂವಿಧಾನ ತಿದ್ದಿದರು. ಯುದ್ಧದಲ್ಲಿ ಮಡಿದವರ ಪತ್ನಿ ಅಥವಾ ಪತಿ ವಾಸ ಇರುವ ಮನೆಗೆ ತೆರಿಗೆ ಮಾಫಿಗೆ ದಾರಿಯಾಯಿತು. ಆದರೆ ‘ಯುದ್ಧದಲ್ಲಿ’ ಅನ್ನುವ ಮಾತಿನಿಂದ ತರಬೇತಿಯಲ್ಲಿ, ಅಪಘಾತದಲ್ಲಿ ಹೋದವರ ಮನೆಯವರು ಹೊರಗೆ ಉಳಿದರು. 2021ರಲ್ಲಿ ಮತ್ತೆ ಮತಕ್ಕೆ ಹಾಕಿ, ಕರ್ತವ್ಯದಲ್ಲಿದ್ದಾಗ ಸತ್ತವರ ಮನೆಯವರನ್ನೂ ಸೇರಿಸಿದರು. ವರ್ಜೀನಿಯಾ ರಾಜ್ಯದಲ್ಲೂ ಹೀಗೇ ಆಯಿತು. ಅಲ್ಲಿ 2014ರಲ್ಲಿ ಮೊದಲ ತಿದ್ದುಪಡಿ, 2024ರಲ್ಲಿ ಎರಡನೆಯದು. ಟೆಕ್ಸಾಸ್‌ನಲ್ಲಿ ಮತ್ತೆ ಮದುವೆಯಾದರೆ ಈ ಮಾಫಿ ನಿಲ್ಲುತ್ತದೆ. ಅಲ್ಲೂ ಅರ್ಜಿ ಹಾಕಲೇಬೇಕು.

ಅಲ್ಲಿಗೂ ಇಲ್ಲಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಶಾಲೆ ನಡೆಯುವುದೂ ಹೆಚ್ಚಾಗಿ ಮನೆ ತೆರಿಗೆಯಿಂದಲೇ. ಹಾಗಾಗಿ ಆ ತೆರಿಗೆ ಬಹಳ ಭಾರ. ಅದನ್ನು ಕಟ್ಟಲಾಗದೆ ಮನೆ ಬಿಡುವ ಪ್ರಸಂಗ ಬರಬಹುದು. ನಮ್ಮ ಪೇಟೆಗಳಲ್ಲಿ ಒಂದು ಸಾಧಾರಣ ಮನೆಗೆ ಬರುವ ತೆರಿಗೆ ಅಷ್ಟು ದೊಡ್ಡದಲ್ಲ. ಅದರ ಅರ್ಧ ಉಳಿಸಲು ಒಬ್ಬ ವಿಧವೆ ನಾಲ್ಕು ಕಚೇರಿಗೆ ಅಲೆದರೆ ಬಸ್ಸಿಗೆ, ಜೆರಾಕ್ಸಿಗೆ, ನೋಟರಿಗೆ ಅದಕ್ಕಿಂತ ಜಾಸ್ತಿ ಹೋಗುತ್ತದೆ.

ಅರ್ಧದ ಜಾಗದಲ್ಲಿ ಪೂರ್ತಿ ಮಾಫಿ ಆದರೆ ನನಗೆ ಸಂತೋಷವೇ. ಆದರೆ ನನ್ನನ್ನು ಕೇಳಿದರೆ ಮೊದಲು ಆಗಬೇಕಾದ್ದು ಬೇರೆ. ಒಬ್ಬ ಸೈನಿಕ ತೀರಿಕೊಂಡ ಸುದ್ದಿ ಜಿಲ್ಲೆಗೆ ಬರುತ್ತದೆ. ಅಧಿಕಾರಿಗಳು ಮನೆಗೆ ಬರುತ್ತಾರೆ, ಹೂವಿನ ಹಾರ ಹಾಕುತ್ತಾರೆ. ಅದೇ ವಾರ ಆ ಮನೆಯ ಪಿಐಡಿ ನಂಬರ್ ಎದುರು ಒಂದು ಗುರುತು ಹಾಕಿ, ಖಾತೆಯ ಅರ್ಜಿಯನ್ನು ಕಚೇರಿಯವರೇ ಮನೆಗೆ ತಂದು ಬರೆಸಿಕೊಂಡು ಹೋಗಬಹುದಲ್ವಾ? ಒಬ್ಬ ಬಿಲ್ ಕಲೆಕ್ಟರ್ ಅರ್ಧ ದಿನದಲ್ಲಿ ಮಾಡುವ ಕೆಲಸ ಅದು. ನಾನು ಸರ್ವಿಸಿನಲ್ಲಿದ್ದಾಗ ನನ್ನ ವಾರ್ಡುಗಳಲ್ಲಿ ಅಂಥ ಆರು ಮನೆಗಳಿಗೆ ಹಾಗೇ ಹೋಗಿ ಬಂದೆ. ಆದೇಶ ಯಾವುದೂ ಇರಲಿಲ್ಲ. ಬೇಡ ಅಂದವರೂ ಇರಲಿಲ್ಲ.

ಪ್ರಶ್ನೆ: ನಮ್ಮ ಮನೆ ಪಂಚಾಯತಿ ವ್ಯಾಪ್ತಿಯಲ್ಲಿದೆ. ನಮಗೂ ಇದೇ ನಿಯಮವಾ? ಮೇಲಿನ ಮಹಡಿ ಬಾಡಿಗೆಗೆ ಕೊಟ್ಟಿದ್ದೇನೆ.
– ಓದುಗರು, ಅಂಕೋಲಾ ತಾಲೂಕು

ಉತ್ತರ: ಗ್ರಾಮ ಪಂಚಾಯತಿಗೆ ಬೇರೆ ಕಾಯ್ದೆ, 1993ರದು. ನಿಮ್ಮ ಅರ್ಜಿ ಹೋಗಬೇಕಾದ್ದು ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರಿಗೆ. ಇ-ಸ್ವತ್ತಿನ (ಪಂಚಾಯತಿ ಆಸ್ತಿಗಳ ಕಂಪ್ಯೂಟರ್ ದಾಖಲೆ) ನಮೂನೆ 9, 11ಎ ಅಥವಾ 11ಬಿ ನಿಮ್ಮ ಹೆಸರಿನಲ್ಲಿ ಇದೆಯಾ ನೋಡಿಕೊಂಡು ರಿಯಾಯಿತಿಗೆ ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ. ಉತ್ತರ ಬರದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನದಲ್ಲಿ ಹೇಳಬೇಕು. ಬಾಡಿಗೆಯ ಮಹಡಿಯನ್ನು ಮುಚ್ಚಿಡಬೇಡಿ. ಎಲ್ಲೇ ಆದರೂ ರಿಯಾಯಿತಿ ನೀವು ವಾಸ ಇರುವ ಭಾಗಕ್ಕೆ ಅಂತಲೇ ಕೇಳಿ. ಸುಳ್ಳು ಘೋಷಣೆ ಕೊಟ್ಟು ಸಿಕ್ಕಿಬಿದ್ದರೆ ಇದ್ದದ್ದೂ ಹೋಗುತ್ತದೆ.

ಪ್ರಶ್ನೆ: ನನಗೆ 27. ಮಕ್ಕಳಿಲ್ಲ. ಗಂಡನ ಹೆಸರಿನ ಸಣ್ಣ ಮನೆ ನನ್ನ ಮತ್ತು ಅತ್ತೆಯ ಹೆಸರಿಗೆ ಬಂದಿದೆ. ತವರಿನವರು ಇನ್ನೊಂದು ಮದುವೆಯ ಮಾತು ತೆಗೆದಿದ್ದಾರೆ. ಹೊರಗೆ ಮದುವೆಯಾದರೆ ಎಲ್ಲ ಹೋಗುತ್ತದೆ, ಮೈದುನನನ್ನೇ ಆದರೆ ಎಲ್ಲ ಉಳಿಯುತ್ತದೆ ಅಂತ ಗಂಡನ ಮನೆಯವರು ಹೇಳುತ್ತಾರೆ.
– ಹೆಸರು ಬೇಡ, ಹೊನ್ನಾವರ

ಉತ್ತರ: ಆ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಶೌರ್ಯ ಪದಕ ಪಡೆದವರ ಪತ್ನಿಗೆ ತಿಂಗಳು ತಿಂಗಳು ಬರುವ ಭತ್ಯೆಗೆ ಹಿಂದೆ ಹೀಗೊಂದು ಷರತ್ತು ಇತ್ತು. ಮರುಮದುವೆಯಾದರೆ ನಿಲ್ಲುತ್ತದೆ, ಗಂಡನ ತಮ್ಮನನ್ನೋ ಅಣ್ಣನನ್ನೋ ಆದರೆ ಮಾತ್ರ ಮುಂದುವರಿಯುತ್ತದೆ ಅಂತ. 2017ರ ನವೆಂಬರ್‌ನಲ್ಲಿ ರಕ್ಷಣಾ ಸಚಿವಾಲಯ ಆ ಷರತ್ತನ್ನು ತೆಗೆದುಹಾಕಿತು. ಕಾಗದದಿಂದ ಹೋದ ಮಾತು ಮನೆಗಳಲ್ಲಿ ಇನ್ನೂ ಉಳಿದಿದೆ.

ಮನೆಯ ನಿಮ್ಮ ಪಾಲು ನಿಮ್ಮದೇ. ಉತ್ತರಾಧಿಕಾರದಿಂದ ಬಂದ ಆಸ್ತಿಗೆ ಹೆಂಗಸು ಪೂರ್ಣ ಒಡತಿ ಅಂತ ಅದೇ 1956ರ ಕಾಯ್ದೆಯ 14ನೇ ಕಲಮು ಹೇಳುತ್ತದೆ. ಮದುವೆಯಾದರೆ ಅದು ವಾಪಸ್ ಹೋಗುವುದಿಲ್ಲ. ಪಿಂಚಣಿಯದ್ದು ಮಾತ್ರ ಬೇರೆ ಲೆಕ್ಕ. ಅದು ಯಾವ ಬಗೆಯದು ಅನ್ನುವುದರ ಮೇಲೆ ಹೋಗುತ್ತದೆ. ಹಗೆಯ ಎದುರು ಮಡಿದವರ ಮನೆಗೆ ಬರುವ ಉದಾರೀಕೃತ ಕುಟುಂಬ ಪಿಂಚಣಿ, ಸೇವೆಯ ಕಾರಣದಿಂದ ಸಾವಾದರೆ ಬರುವ ವಿಶೇಷ ಕುಟುಂಬ ಪಿಂಚಣಿ, ಸಾಮಾನ್ಯ ಕುಟುಂಬ ಪಿಂಚಣಿ, ಮೂರಕ್ಕೂ ಮರುಮದುವೆಯ ನಿಯಮ ಬೇರೆ ಬೇರೆ. ಪಿಪಿಒ ಹಿಡಿದುಕೊಂಡು ಸೈನಿಕ ಕಲ್ಯಾಣ ಕಚೇರಿಗೆ ನೀವೇ ಹೋಗಿ ಕೇಳಿ. ಬೇರೆಯವರನ್ನು ಕಳಿಸಬೇಡಿ.

ಮನೆ ತೆರಿಗೆಯ ಅರ್ಧ ದುಡ್ಡು ಈ ಲೆಕ್ಕದಲ್ಲಿ ಬರಲೇಬಾರದು. ಯಾರನ್ನು ಮದುವೆಯಾಗಬೇಕು, ಆಗಬೇಕೋ ಬೇಡವೋ ಅನ್ನುವುದು ನಿಮ್ಮ ಮನಸ್ಸಿನ ಮಾತು. ನನಗೂ 24ರಲ್ಲಿ ಇದೇ ಮಾತು ಬಂದಿತ್ತು. ಮೈದುನನಿಗೆ ಆಗ ಹತ್ತೊಂಬತ್ತು. ಅವನೇ ಬಂದು, ‘ಅತ್ತಿಗೆ, ನೀವು ನನಗೆ ಅಕ್ಕನ ಹಾಗೆ, ನೀವು ಬೇಡ ಅನ್ನಿ, ನಾನೂ ಬೇಡ ಅನ್ನುತ್ತೇನೆ’ ಅಂದ. ಇಬ್ಬರೂ ಒಟ್ಟಿಗೆ ಹೇಳಿದೆವು. ಅವತ್ತಿಗೆ ಆ ಮಾತು ನಿಂತಿತು. ನಿಮ್ಮ ಮೈದುನನ ಜತೆ ಒಮ್ಮೆ ಮಾತಾಡಿ ನೋಡಿ. ಅವನಿಗೂ ಇದು ಬೇಡದಿರಬಹುದು.

ಪ್ರಶ್ನೆ: ಕುಟುಂಬ ಪಿಂಚಣಿಗೆ ಆದಾಯ ತೆರಿಗೆ ಕಟ್ಟಬೇಕಾ?
– ಓದುಗರು, ಭಟ್ಕಳ

ಉತ್ತರ: ಕಾರ್ಯಾಚರಣೆಯ ಕರ್ತವ್ಯದಲ್ಲಿದ್ದಾಗ ತೀರಿಕೊಂಡವರ ಪತ್ನಿ, ಮಕ್ಕಳಿಗೆ ಬರುವ ಕುಟುಂಬ ಪಿಂಚಣಿಗೆ ಆದಾಯ ತೆರಿಗೆ ಇಲ್ಲ. 2026ರ ಮಾರ್ಚ್‌ವರೆಗೆ ಇದ್ದ 1961ರ ಕಾಯ್ದೆಯಲ್ಲಿ ಇದು 10(19)ನೇ ಕಲಮು. ಪರಮ ವೀರ, ಮಹಾ ವೀರ, ವೀರ ಚಕ್ರ ಪಡೆದವರ ಕುಟುಂಬ ಪಿಂಚಣಿಗೂ ಇಲ್ಲ. ಉಳಿದವರ ಕುಟುಂಬ ಪಿಂಚಣಿ ಆದಾಯಕ್ಕೆ ಸೇರುತ್ತದೆ, ಸ್ವಲ್ಪ ಕಡಿತ ಸಿಗುತ್ತದೆ. ಸಾವಿನ ಕಾರಣ ಬರೆದಿರುವ ಸೇನೆಯ ಪ್ರಮಾಣಪತ್ರ ಜೋಪಾನ ಮಾಡಿ. ಎಲ್ಲ ಕಡೆ ಕೇಳುವುದು ಅದನ್ನೇ.

ಪ್ರಶ್ನೆ: ನನ್ನ ಮಗ ನೌಕಾಪಡೆಯಲ್ಲಿದ್ದ. ಹೋಗಿ ಒಂದು ವರ್ಷವಾಯಿತು. ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟ ನಿರಾಶ್ರಿತರ ಕಾಲೊನಿಯಲ್ಲಿ ಅವನು ಕೊಂಡ ಮನೆಯಲ್ಲಿ ನಾನು, ಸೊಸೆ ಇದ್ದೇವೆ. ಖಾತೆ ಅವಳೊಬ್ಬಳ ಹೆಸರಿಗೆ ಮಾಡಿದರೆ ತೆರಿಗೆ ಅರ್ಧ ಆಗುತ್ತದೆ ಅಂತ ಹೇಳುತ್ತಾಳೆ. ನನಗೆ ಭಯ. ಇದನ್ನು ಪಕ್ಕದ ಮನೆ ಹುಡುಗಿಯ ಕೈಯಲ್ಲಿ ಬರೆಸಿದ್ದೇನೆ.
– ಒಬ್ಬ ತಾಯಿ, ಕಾರವಾರ ತಾಲೂಕು

ಉತ್ತರ: ಅಮ್ಮಾ, ಭಯ ಬೇಡ. ಉಯಿಲು ಇಲ್ಲದಿದ್ದರೆ ಮಗನ ಆಸ್ತಿಯಲ್ಲಿ ಹೆಂಡತಿ, ಮಕ್ಕಳಿಗೆ ಇರುವಷ್ಟೇ ಪಾಲು ತಾಯಿಗೂ ಇದೆ. ನೀವೂ ಮೊದಲ ವರ್ಗದ ವಾರಸುದಾರರು. ಸೊಸೆಗೆ ಬಹುಶಃ ಗೊತ್ತಿಲ್ಲ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಅಂದುಕೊಳ್ಳಿ. ರಿಯಾಯಿತಿ ಕೇಳಲು ಅವಳೊಬ್ಬಳ ಹೆಸರೇ ಬೇಕು ಅಂತ ಇಲ್ಲ. ತಾಯಿಯೂ ಕುಟುಂಬವೇ. ಇಬ್ಬರ ಹೆಸರೂ ಸೇರಿಸಿ ಜಂಟಿ ಖಾತೆಗೆ ಅರ್ಜಿ ಕೊಡಿ, ಇಬ್ಬರೂ ಒಟ್ಟಿಗೆ ಹೋಗಿ ಕೊಡಿ. ಕಾಲೊನಿಯ ಜಾಗ ಆದ್ದರಿಂದ ಮೊದಲ ಹಕ್ಕುಪತ್ರದ ಪ್ರತಿ, ಅದರಿಂದ ನಿಮ್ಮ ಮಗನಿಗೆ ಬಂದ ಪತ್ರ, ಎರಡನ್ನೂ ಜತೆಗಿಡಿ. ಈ ಉತ್ತರವನ್ನು ಆ ಹುಡುಗಿಯ ಕೈಯಲ್ಲೇ ಸೊಸೆಯ ಎದುರು ಓದಿಸಿ.

ನಾನು ನಾಲ್ಕು ವರ್ಷ ತಡ ಮಾಡಿ ಖಾತೆಗೆ ಹೋದ ದಿನ ನನ್ನ ಅತ್ತೆ ಜತೆಗೆ ಬಂದಿದ್ದರು. ಅವರಿಗೆ ಓದು ಬರಹ ಇರಲಿಲ್ಲ. ಗುಮಾಸ್ತರು ಹೆಬ್ಬೆಟ್ಟಿಗೆ ಇಂಕು ಹಚ್ಚಿದಾಗ, ‘ಇವಳ ಹೆಸರು ಎಲ್ಲಿ ಬರೆದಿದ್ದೀರಿ, ತೋರಿಸಿ’ ಅಂದರು ಅತ್ತೆ. ಗುಮಾಸ್ತರು ಬೆರಳಿಟ್ಟು ತೋರಿಸಿದರು. ಅತ್ತೆ ಅದರ ಕೆಳಗೆ ಒತ್ತಿದರು. ಆ ಖಾತೆಯ ಪ್ರತಿ ಈಗಲೂ ಕಪ್ಪು ಟ್ರಂಕಿನಲ್ಲಿದೆ. ಮೂರು ಅಕ್ಷರದ ನನ್ನ ಹೆಸರು, ಅದರ ಕೆಳಗೆ ಅತ್ತೆಯ ನೀಲಿ ಹೆಬ್ಬೆಟ್ಟು.